ಹೆಪ್ಪುಗಟ್ಟಿದ ಕಡಲ ಮೇಲೆ ನಿಂತು ಸಬ್‌ಮರೀನ್‌ಗೆ ಕಾಯುವುದು

ಬಂದರಿನಲ್ಲಾದರೆ ಸಬ್‌ಮರೀನ್ ಹತ್ತುವುದು ಸುಲಭ. ದಕ್ಕೆಯಿಂದ ಹಲಗೆ ದಾಟಿ, ನೌಕೆಯ ಬೆನ್ನ ಮೇಲಿನ ಬಾಗಿಲಾದ ಹ್ಯಾಚ್‌ನೊಳಗೆ ಇಳಿದರಾಯಿತು. ಆರ್ಕ್ಟಿಕ್‌ನಲ್ಲಿ ದಕ್ಕೆಯೇ ಇಲ್ಲ. ಕಡಲೇ ಗಟ್ಟಿಯಾಗಿ ನೆಲವಾಗಿರುತ್ತದೆ, ಸಬ್‌ಮರೀನ್ ಆ ನೆಲವನ್ನು ಕೆಳಗಿನಿಂದ ಒಡೆದುಕೊಂಡು ನಾವಿರುವಲ್ಲಿಗೆ ಬರಬೇಕು. ಹಾಗಾಗಿ ಇಲ್ಲಿಗೆ ಹೋಗುವ ನಾಗರಿಕರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಮಂಜುಗಡ್ಡೆಯನ್ನು. ಅದು ತಿಳಿಯದಿದ್ದರೆ ಅಲ್ಲಿ ಹೇಳುವ ಒಂದು ಸೂಚನೆಯೂ ಯಾಕೆಂದು ಗೊತ್ತಾಗುವುದಿಲ್ಲ.

ಅಮೆರಿಕದ ನೌಕಾಪಡೆ ಸುಮಾರು ಎರಡು ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳಲ್ಲಿ, ಅಲಾಸ್ಕಾದ ಉತ್ತರಕ್ಕಿರುವ ಬ್ಯೂಫೋರ್ಟ್ ಸಮುದ್ರದ ಗಡ್ಡೆಯ ಮೇಲೆ ಶಿಬಿರ ಹೂಡುತ್ತದೆ. ಮೊದಲು ಐಸೆಕ್ಸ್ ಎಂದೂ 2024ರಿಂದ ಆಪರೇಷನ್ ಐಸ್ ಕ್ಯಾಂಪ್ ಎಂದೂ ಕರೆಯುವ ಈ ಕಾರ್ಯಾಚರಣೆಯ ಹೊಣೆ ಸ್ಯಾನ್ ಡಿಯಾಗೋದ ಆರ್ಕ್ಟಿಕ್ ಸಬ್‌ಮರೀನ್ ಲ್ಯಾಬೊರೇಟರಿಯದು. ಶಿಬಿರಕ್ಕೆ ಪ್ರತಿ ಸಲವೂ ಹಿಂದೆ ಧ್ರುವದ ನೀರಿನಲ್ಲಿ ಓಡಾಡಿದ ಒಂದು ಸಬ್‌ಮರೀನ್‌ನ ಹೆಸರಿಡುತ್ತಾರೆ: 2014ರಲ್ಲಿ ನಾಟಿಲಸ್, 2016ರಲ್ಲಿ ಸಾರ್ಗೊ, 2018ರಲ್ಲಿ ಸ್ಕೇಟ್, 2020ರಲ್ಲಿ ಸೀಡ್ರ್ಯಾಗನ್, 2022ರಲ್ಲಿ ಕ್ವೀನ್‌ಫಿಶ್, 2024ರಲ್ಲಿ ವೇಲ್. 1958ರ ಆಗಸ್ಟ್ 3ರಂದು ಗಡ್ಡೆಯ ಅಡಿಯಿಂದಲೇ ಉತ್ತರ ಧ್ರುವವನ್ನು ಹಾದುಹೋದದ್ದು ನಾಟಿಲಸ್. 1959ರ ಮಾರ್ಚ್ 17ರಂದು ಅದೇ ಧ್ರುವದಲ್ಲಿ ಗಡ್ಡೆ ಒಡೆದು ಮೇಲೆದ್ದದ್ದು ಸ್ಕೇಟ್. ಮಾರ್ಚ್ ತಿಂಗಳನ್ನೇ ಆರಿಸುವುದಕ್ಕೆ ಕಾರಣವಿದೆ. ಚಳಿಗಾಲವಿಡೀ ಬೆಳೆದ ಗಡ್ಡೆ ಆಗ ಗಟ್ಟಿಯಾಗಿರುತ್ತದೆ, ಕೆಲಸಕ್ಕೆ ಬೇಕಾದಷ್ಟು ಹಗಲು ಮರಳಿರುತ್ತದೆ, ಕರಗುವ ಕಾಲ ಇನ್ನೂ ಶುರುವಾಗಿರುವುದಿಲ್ಲ.

ಇದಕ್ಕೆ ಟಿಕೆಟ್ ಇಲ್ಲ. ನೌಕಾಪಡೆ ಕರೆದವರಿಗಷ್ಟೇ ಪ್ರವೇಶ. ವಿಜ್ಞಾನಿಗಳು, ಪತ್ರಕರ್ತರು, ಜನಪ್ರತಿನಿಧಿಗಳು, ಉಪಕರಣ ನೋಡಿಕೊಳ್ಳುವ ಎಂಜಿನಿಯರುಗಳು ಹೋಗುತ್ತಾರೆ. ಅಮೆರಿಕದ ಪ್ರಜೆಗಳಿಗೆ ಹಿನ್ನೆಲೆ ಪರಿಶೀಲನೆ ಮತ್ತು ಆರೋಗ್ಯದ ಅರ್ಜಿ ಮುಖ್ಯ. ಬೇರೆ ದೇಶದ ಪ್ರಜೆಗೆ, ಅಂದರೆ ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಕೆಲಸ ಮಾಡುತ್ತಿರುವ ನಮ್ಮ ಕಡೆಯ ಸಂಶೋಧಕರಿಗೂ, ಪ್ರತ್ಯೇಕ ಸರ್ಕಾರಿ ಅನುಮತಿ ಬೇಕು. ಅದಕ್ಕೆ ತಿಂಗಳುಗಳ ಮುಂಚೆಯೇ ಓಡಾಡಬೇಕು. ಆರೋಗ್ಯದ ಅರ್ಜಿಯಲ್ಲಿ ಏನನ್ನೂ ಮುಚ್ಚಿಡಬಾರದು. ಮಂಡಿ ನೋವು, ಉಬ್ಬಸ, ಇಕ್ಕಟ್ಟಿನ ಜಾಗದ ಭಯ, ಈ ಮೂರೂ ಅಲ್ಲಿ ತೊಂದರೆ ಕೊಟ್ಟೇ ಕೊಡುತ್ತವೆ. ಇಕ್ಕಟ್ಟಿನ ವಿಚಾರದಲ್ಲಿ ಅನುಮಾನವಿದ್ದರೆ ವಿಶಾಖಪಟ್ಟಣದ ಕಡಲ ದಂಡೆಯಲ್ಲಿ ವಸ್ತುಸಂಗ್ರಹಾಲಯವಾಗಿರುವ ಐಎನ್‌ಎಸ್ ಕುರ್ಸುರಾ ಒಳಗೆ ಒಮ್ಮೆ ಈ ತುದಿಯಿಂದ ಆ ತುದಿಗೆ ನಡೆದು ನೋಡಬಹುದು. ಅದರ ದುಂಡು ಬಾಗಿಲುಗಳಲ್ಲಿ ನುಸುಳುವಾಗಲೇ ನಮ್ಮ ಮೈಮನಸ್ಸು ಒಗ್ಗುತ್ತದೋ ಇಲ್ಲವೋ ತಿಳಿದುಬಿಡುತ್ತದೆ.

ದಾರಿ ಹೀಗೆ. ಅಲಾಸ್ಕಾದ ಆಂಕರೇಜ್‌ನಿಂದ ಡೆಡ್‌ಹಾರ್ಸ್‌ಗೆ ವಿಮಾನದಲ್ಲಿ ಸುಮಾರು 1,000 ಕಿಲೋಮೀಟರ್. ಡೆಡ್‌ಹಾರ್ಸ್ ಎಂಬುದು ಪ್ರುಡೋ ಬೇ ತೈಲಕ್ಷೇತ್ರದ ಕೆಲಸಗಾರರ ವಸತಿ, ಊರೆಂದು ಹೇಳುವಂಥದ್ದೇನೂ ಅಲ್ಲ. ಅಲ್ಲಿಂದ ಸಣ್ಣ ವಿಮಾನದಲ್ಲಿ ಒಂದು ಗಂಟೆಗೂ ಮೇಲೆ ಹಾರಿ ಗಡ್ಡೆಯ ಮೇಲೆ ಇಳಿಯಬೇಕು. ದಿನಾಂಕ ಗೊತ್ತಾಗಿದ್ದರೂ ಹೊರಡುವ ಹೊತ್ತು ಗೊತ್ತಾಗಿರುವುದಿಲ್ಲ. ಮೋಡವೂ ಹಿಮವೂ ಒಂದೇ ಬಿಳುಪಾಗಿ ಬೆರೆತ ದಿನ ಪೈಲಟ್‌ಗೆ ನೆಲ ಎಲ್ಲಿದೆಯೆಂದೇ ಕಾಣುವುದಿಲ್ಲ, ಆಗ ಎಲ್ಲರೂ ಕೂತು ಕಾಯುವುದೇ. ದಿನವೂ ತೆಗೆದುಕೊಳ್ಳುವ ಮಾತ್ರೆಗಳಿದ್ದರೆ ಒಂದು ವಾರಕ್ಕಾಗುವಷ್ಟು ಹೆಚ್ಚಿಗೆ ಇರಲಿ, ಅವು ಕೈಚೀಲದಲ್ಲೇ ಇರಲಿ.

ಬಟ್ಟೆಯನ್ನು ಅವರೇ ಕೊಡುತ್ತಾರೆ. ಒಳಗೆ ಹತ್ತಿಬಟ್ಟೆ ಮಾತ್ರ ಬೇಡ. ಹತ್ತಿ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಿಡಿದಿಟ್ಟ ಬೆವರು ಆಮೇಲೆ ಮೈಯ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಮಾರ್ಚ್‌ನಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗಿರುವುದು ಸಾಮಾನ್ಯ. ಅದರ ಮೇಲೆ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು 46 ಡಿಗ್ರಿ ಕೆಳಗಿನ ಚಳಿಗೆ ಸಮ. ಮೂಗಿನ ತುದಿ, ಕೆನ್ನೆಯ ಮೂಳೆ, ಕಿವಿಯ ಹಾಲೆಗೆ ಮೊದಲು ಏಟು. ಬೆಳ್ಳಗಾದ ಚರ್ಮ ನಮಗೆ ನೋಯುವುದಿಲ್ಲವಾದ್ದರಿಂದ ಗೊತ್ತೂ ಆಗುವುದಿಲ್ಲ. ಅದಕ್ಕೇ ಇಬ್ಬಿಬ್ಬರು ಜೊತೆಯಾಗಿ ಒಬ್ಬರ ಮುಖವನ್ನು ಇನ್ನೊಬ್ಬರು ಆಗಾಗ ನೋಡುತ್ತಿರಬೇಕು.

ಬೂಟಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ತಪ್ಪಾಗುವುದು ಅಲ್ಲೇ. ಬಿಳಿ ಬಣ್ಣದ, ದಪ್ಪಗೆ ಊದಿಕೊಂಡಂತಿರುವ ಇವಕ್ಕೆ ಅಲ್ಲಿ ‘ಬನ್ನಿ ಬೂಟ್’ ಎನ್ನುತ್ತಾರೆ. ಸೊನ್ನೆಗಿಂತ 54 ಡಿಗ್ರಿ ಕೆಳಗಿನವರೆಗೂ ತಡೆಯುವಂಥವು. ಎರಡು ಪದರ ರಬ್ಬರ್, ನಡುವೆ ಉಣ್ಣೆ, ಉಣ್ಣೆಯ ಜೊತೆ ಸಿಕ್ಕಿಬಿದ್ದ ಗಾಳಿ. ಬೆಚ್ಚಗಿಡುವುದು ಆ ಗಾಳಿಯೇ. ಬೂಟಿನ ಪಕ್ಕದಲ್ಲಿ ಒಂದು ಸಣ್ಣ ವಾಲ್ವ್ ಇರುತ್ತದೆ. ವಿಮಾನ ಏರುವ ಮುಂಚೆ ಅದನ್ನು ತಿರುಗಿಸಿ ಬಿಡಬೇಕು. ಮೇಲೆ ಹೋದಂತೆ ಹೊರಗಿನ ಒತ್ತಡ ಇಳಿದು ಒಳಗಿನ ಗಾಳಿ ಹಿಗ್ಗುತ್ತದೆ. ವಾಲ್ವ್ ಮುಚ್ಚಿದ್ದರೆ ಬೂಟು ಉಬ್ಬಿ ಕಾಲನ್ನು ಹಿಸುಕುತ್ತದೆ, ರಬ್ಬರ್ ಬಿಟ್ಟುಕೊಳ್ಳಲೂಬಹುದು. ಇಳಿದ ಕೂಡಲೇ ಮತ್ತೆ ಮುಚ್ಚಬೇಕು. ಮರೆತರೆ ತೇವ ಒಳಗೆ ಸೇರಿ ಉಣ್ಣೆ ಒದ್ದೆಯಾಗುತ್ತದೆ, ಅಲ್ಲಿಗೆ ಆ ಬೂಟಿನ ಕತೆ ಮುಗಿಯಿತು. ರಬ್ಬರ್ ಉಸಿರಾಡದ ಕಾರಣ ಪಾದ ಬೆವರುತ್ತದೆ. ದಿನಕ್ಕೆ ಎರಡು ಬಾರಿಯಾದರೂ ಕಾಲುಚೀಲ ಬದಲಿಸುವುದು ಕಡ್ಡಾಯ.

ವಿಮಾನದ ಕಿಟಕಿಯಿಂದ ನೋಡುವಾಗಲೇ ಗಡ್ಡೆಯಲ್ಲಿ ಎರಡು ಬಗೆ ಇರುವುದು ಕಾಣುತ್ತದೆ. ಉಬ್ಬುತಗ್ಗಾಗಿ ಗುಡ್ಡಗುಡ್ಡವಾಗಿರುವುದು ಹಲವು ಬೇಸಿಗೆ ದಾಟಿದ ಹಳೆಯ ಗಡ್ಡೆ. ನಡುನಡುವೆ ಡಾಂಬರು ರಸ್ತೆಯಂತೆ ಚಪ್ಪಟೆಯಾಗಿ ಹರಿದಿರುವುದು, ಈ ಚಳಿಗಾಲದಲ್ಲಿ ಬಿರುಕು ಬಿಟ್ಟು ಮತ್ತೆ ಹೆಪ್ಪುಗಟ್ಟಿದ ಹೊಸ ಗಡ್ಡೆ. ಗುಡಿಸಲುಗಳನ್ನು ಹಳೆಯದರ ಮೇಲೆ ಕಟ್ಟುತ್ತಾರೆ, ಅದು ದಪ್ಪ ಮತ್ತು ಗಟ್ಟಿ. ವಿಮಾನ ಇಳಿಸುವ ಪಟ್ಟಿಯನ್ನು ಹೊಸದರ ಮೇಲೆ ಮಾಡುತ್ತಾರೆ, ಅದು ಸಮತಟ್ಟು. ಹಳೆಯ ಗಡ್ಡೆಯಿಂದ ಇನ್ನೊಂದು ಉಪಕಾರವಿದೆ. ಬೇಸಿಗೆಯಿಂದ ಬೇಸಿಗೆಗೆ ಅದರೊಳಗಿನ ಉಪ್ಪುನೀರು ಬಸಿದು ಹೋಗಿರುತ್ತದೆ, ಹಾಗಾಗಿ ಅದನ್ನು ಕರಗಿಸಿ ಕುಡಿಯಬಹುದು. ಹೊಸ ಗಡ್ಡೆ ಕರಗಿಸಿದರೆ ಉಪ್ಪುಪ್ಪು.

ಶಿಬಿರದಲ್ಲಿ ನೆನಪಿಡಬೇಕಾದದ್ದು ಮೂರು. ಒಂದು, ಪ್ಲೈವುಡ್ ಗುಡಿಸಲಿನಲ್ಲಿ ಎಣ್ಣೆ ಹೀಟರ್ ಉರಿಯುತ್ತಿದ್ದರೆ ಗಾಳಿಕಿಂಡಿಗೆ ಏನನ್ನೂ ತುರುಕಬಾರದು. ಚಳಿಯೆಂದು ಕಿಂಡಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ತಲೆಮಟ್ಟದಲ್ಲಿ ಅಂಗಿ ತೋಳು ಮಡಚುವಷ್ಟು ಬಿಸಿಯಿದ್ದರೂ ನೆಲದ ಮೇಲಿಟ್ಟ ನೀರಿನ ಬಾಟಲಿ ಗಡ್ಡೆಯಾಗಿರುತ್ತದೆ, ಮಲಗುವಾಗ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಬೇಕು. ಎರಡು, ಗುಡಿಸಲಿನ ಸಾಲು ದಾಟಿ ಒಬ್ಬರೇ ಹೋಗಬಾರದು. ಹಿಮಕರಡಿ ಕಾಯುವವರು ಬಂದೂಕು ಹಿಡಿದು ಪಾಳಿಯಲ್ಲಿರುತ್ತಾರೆ, ಅವರ ಕಣ್ಣಳತೆಯಲ್ಲೇ ಇರಬೇಕು. 2003ರಲ್ಲಿ ಉತ್ತರ ಧ್ರುವದಿಂದ 280 ಮೈಲಿ ದೂರದಲ್ಲಿ ಮೇಲೆದ್ದ ಹೊನೊಲುಲು ಸಬ್‌ಮರೀನ್‌ನ ಹತ್ತಿರಕ್ಕೇ ಮೂರು ಹಿಮಕರಡಿಗಳು ಬಂದು ನಿಂತಿದ್ದವು. ಮೂರು, ಗಂಟುಮೂಟೆ ಯಾವಾಗಲೂ ಕಟ್ಟಿರಲಿ. ಕಾಲ ಕೆಳಗಿನ ನೆಲ ದಿನಕ್ಕೆ ಕಿಲೋಮೀಟರುಗಟ್ಟಲೆ ತೇಲುತ್ತಿರುತ್ತದೆ. ಗಾಳಿ ದಿಕ್ಕು ಬದಲಿಸಿದರೆ ಬೇಸಿಗೆಯ ಕೆರೆಯಂಗಳದಂತೆ ಬಿರಿಯುತ್ತದೆ. 2014ರ ನಾಟಿಲಸ್ ಶಿಬಿರವನ್ನು ಹೀಗೆ ದೊಡ್ಡ ಬಿರುಕುಗಳು ಬಂದು ಅವಧಿಗೆ ಮುಂಚೆಯೇ ಬಿಚ್ಚಬೇಕಾಯಿತು.

ಇನ್ನು ಸಬ್‌ಮರೀನ್ ಬರುವ ವಿಚಾರ. ಅದರೊಡನೆ ಮಾತಾಡಲು ರೇಡಿಯೋ ಆಗದು, ಉಪ್ಪುನೀರು ರೇಡಿಯೋ ಅಲೆಯನ್ನು ನುಂಗಿಬಿಡುತ್ತದೆ. ಗಡ್ಡೆಯಲ್ಲಿ ತೂತು ಕೊರೆದು ಇಳಿಬಿಟ್ಟ ನೀರಡಿಯ ಟೆಲಿಫೋನ್‌ನಲ್ಲಿ ಮಾತು. ಶಬ್ದ ಅಲ್ಲಿನ ತಣ್ಣೀರಿನಲ್ಲಿ ಸೆಕೆಂಡಿಗೆ ಸುಮಾರು 1,440 ಮೀಟರ್ ಸಾಗುವುದರಿಂದ, 7 ಕಿಲೋಮೀಟರ್ ದೂರದ ಸಬ್‌ಮರೀನ್‌ಗೆ ಮಾತು ಮುಟ್ಟಲು ಐದು ಸೆಕೆಂಡ್, ಉತ್ತರ ಮರಳಲು ಮತ್ತೆ ಐದು. ದನಿ ಬಾವಿಯೊಳಗಿಂದ ಬಂದಂತೆ ಗುಂಯ್‌ಗುಟ್ಟುತ್ತದೆ. ಅದಕ್ಕೇ ಒಂದೊಂದು ಪದವನ್ನೂ ಬಿಡಿಸಿ, ನಿಧಾನವಾಗಿ, ಎರಡೆರಡು ಸಲ ಹೇಳುತ್ತಾರೆ.

ಮೇಲೆದ್ದು ಬರುವ ಜಾಗವನ್ನು ಗಡ್ಡೆಯ ತಂಡ ಆರಿಸುತ್ತದೆ. ಬೈರಿಗೆಯಿಂದ ಹಲವು ಕಡೆ ಕೊರೆದು, ಟೇಪು ಇಳಿಬಿಟ್ಟು ದಪ್ಪ ಅಳೆಯುತ್ತಾರೆ. ಒಂದು ಮೀಟರ್‌ವರೆಗಿನ ಹೊಸ ಗಡ್ಡೆ, ಸಬ್‌ಮರೀನ್‌ನ ಉದ್ದಕ್ಕಿಂತ ಸಾಕಷ್ಟು ದೊಡ್ಡ ಬಯಲು ಬೇಕು. ಅಮೆರಿಕದ ಸಬ್‌ಮರೀನ್‌ಗಳಲ್ಲಿ ಲಾಸ್ ಏಂಜಲೀಸ್ ವರ್ಗದ್ದಾದರೆ 110 ಮೀಟರ್, ವರ್ಜೀನಿಯಾ ವರ್ಗದ್ದಾದರೆ 115 ಮೀಟರ್ ಉದ್ದ. ಆಮೇಲೆ ಸಲಿಕೆಯಿಂದ ಹಿಮ ಗೋರಿ ದೊಡ್ಡದೊಂದು ಗುಣಾಕಾರದ ಗುರುತು ಹಾಕುತ್ತಾರೆ. ಇದು ಮೇಲಿನವರಿಗಾಗಿ ಹಾಕಿದ ಗುರುತಲ್ಲ. ಹಿಮ ಬೆಳಕನ್ನು ತಡೆಯುತ್ತದೆ, ಬರಿಯ ಗಡ್ಡೆ ಬಿಟ್ಟುಕೊಡುತ್ತದೆ. ಕೆಳಗಿನಿಂದ ನೋಡುವವರಿಗೆ ಆ ಗುರುತು ಬೆಳಗುವ ಗೆರೆಗಳಾಗಿ ಕಾಣುತ್ತದೆ. ಹಿಮ ಗೋರಲು ಅತಿಥಿಗಳ ಕೈಗೂ ಸಲಿಕೆ ಕೊಡುವುದುಂಟು. ಮೆಲ್ಲಗೆ ಗೋರಿ, ಬೆವರು ಬರಿಸಿಕೊಂಡರೆ ಆಮೇಲಿನ ಕಾಯುವಿಕೆಯಲ್ಲಿ ನಡುಗಬೇಕಾಗುತ್ತದೆ.

ಕೆಳಗೆ ಸಬ್‌ಮರೀನ್ ಪೂರ್ತಿ ನಿಂತು, ಪೆರಿಸ್ಕೋಪುಗಳನ್ನೂ ಕಂಬಗಳನ್ನೂ ಒಳಗೆಳೆದುಕೊಂಡು, ಲಿಫ್ಟಿನಂತೆ ನೇರ ಮೇಲಕ್ಕೆ ಬರುತ್ತದೆ. ಮುಂದಕ್ಕೆ ಚಲಿಸುತ್ತಾ ಬಂದರೆ ಪ್ರೊಪೆಲ್ಲರ್, ಚುಕ್ಕಾಣಿ ಗಡ್ಡೆಗೆ ಬಡಿಯುತ್ತವೆ. ಎಲ್ಲ ಸಬ್‌ಮರೀನ್‌ಗಳಿಗೂ ಇದು ಸಾಧ್ಯವಿಲ್ಲ. ಲಾಸ್ ಏಂಜಲೀಸ್ ವರ್ಗದ ಮೊದಲ ನೌಕೆಗಳಿಗೆ ಬೆನ್ನ ಮೇಲಿನ ಗೋಪುರದಲ್ಲೇ ಎರಡು ರೆಕ್ಕೆಗಳಿದ್ದವು, ಅವನ್ನು ಲಂಬವಾಗಿ ತಿರುಗಿಸಲು ಬರುತ್ತಿರಲಿಲ್ಲ. ನಂತರದವುಗಳಲ್ಲಿ ಗೋಪುರವನ್ನು ಗಟ್ಟಿ ಮಾಡಿ, ರೆಕ್ಕೆಗಳನ್ನು ಮೂತಿಗೆ ಸರಿಸಿ ಒಳಗೆಳೆದುಕೊಳ್ಳುವಂತೆ ಮಾಡಿದರು. ಇನ್ನೊಂದು ತೊಡಕು ನೀರಿನ ಉಪ್ಪು. ಗಡ್ಡೆಯ ಹೊಟ್ಟೆಗೆ ಅಂಟಿದ ಮೇಲ್ಪದರದ ನೀರು ಕೆಳಗಿನದಕ್ಕಿಂತ ಸಪ್ಪೆ, ಹಗುರ. ಸುಮಾರು 6,900 ಟನ್ ನೀರನ್ನು ಪಕ್ಕಕ್ಕೆ ಸರಿಸುವ ನೌಕೆಗೆ ನೀರಿನ ಸಾಂದ್ರತೆ ಸಾವಿರಕ್ಕೆ ಮೂರು ಪಾಲು ಕಡಿಮೆಯಾದರೂ ಇದ್ದಕ್ಕಿದ್ದಂತೆ 20 ಟನ್ ಭಾರವಾದಂತೆ. ಅದನ್ನು ಕ್ಷಣಕ್ಷಣಕ್ಕೂ ಪಂಪಿನಿಂದ ಸರಿದೂಗಿಸಬೇಕು. ನಿಧಾನವಾದರೆ ಗಡ್ಡೆ ಒಡೆಯದು, ವೇಗವಾದರೆ ಗೋಪುರಕ್ಕೆ ಪೆಟ್ಟು.

ಮೇಲಿದ್ದವರು ತಂಡದ ಮುಖ್ಯಸ್ಥ ತೋರಿಸಿದ ಗೆರೆಯ ಹಿಂದೆ ನಿಲ್ಲಬೇಕು. ಮೊದಲು ಕಾಲಡಿಯಲ್ಲಿ ಸಣ್ಣ ನಡುಕ. ಆಮೇಲೆ ಹಿಮ ಒಂದು ಕಡೆ ಬಾಣಲೆಯಲ್ಲಿ ಉಬ್ಬುವ ಪೂರಿಯಂತೆ ಮೇಲೇಳುತ್ತದೆ, ಅದರ ನೆತ್ತಿಯಿಂದ ಸುತ್ತಲೂ ಬಿರುಕು ಹರಿಯುತ್ತವೆ, ಕಪ್ಪು ಗೋಪುರ ಹೊರಗೆ ಬರುತ್ತದೆ. ಟ್ಯಾಂಕುಗಳಿಗೆ ಗಾಳಿ ಊದಿದಂತೆ ಬೆನ್ನೂ ಗಡ್ಡೆ ಎತ್ತಿಕೊಂಡು ಏಳುತ್ತದೆ. ಕೂಗಾಟ, ಚಪ್ಪಾಳೆ ಎಲ್ಲ ಆಗುವ ಹೊತ್ತು ಇದೇ, ಗೆರೆ ದಾಟುವ ತಪ್ಪು ಆಗುವುದೂ ಈಗಲೇ. ಗೋಪುರದ ನೆತ್ತಿಯ ಮೇಲೆ ಕೂತಿರುವ ಗಡ್ಡೆಯ ಚೂರು ಚೂರಲ್ಲ, ಒಂದು ಘನಮೀಟರ್ ಗಡ್ಡೆ 900 ಕಿಲೋ ತೂಗುತ್ತದೆ. ಅದು ಯಾವಾಗ ಜಾರುತ್ತದೋ ಹೇಳಲಾಗದು. ಬಿರುಕಿನ ಅಂಚಿನ ಗಡ್ಡೆಯ ತುಂಡುಗಳೂ ತೇಲುತ್ತಿರುತ್ತವೆ, ಒಂದರ ಮೇಲೆ ಕಾಲಿಟ್ಟರೆ ಮಗುಚಿಕೊಳ್ಳುತ್ತದೆ.

ಹ್ಯಾಚ್ ತೆರೆಯುವುದಕ್ಕೆ ಇನ್ನೂ ಹೊತ್ತಿದೆ. ನಾವಿಕರು ಚೈನ್ ಸಾ ಹಿಡಿದು ಬೆನ್ನ ಮೇಲಿನ ಗಡ್ಡೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಕೊಯ್ದು, ಹಾರೆಯಲ್ಲಿ ಮೀಟಿ ಬದಿಗೆ ತಳ್ಳುತ್ತಾರೆ. ಗರಗಸದ ಸರಪಳಿ ನೌಕೆಯ ಮೈಗೆ ತಾಗಬಾರದು, ಆದ್ದರಿಂದ ಕೊನೆಯ ಪದರವನ್ನು ಕೈಯಿಂದಲೇ ಕುಟ್ಟಿ ತೆಗೆಯುತ್ತಾರೆ. ಹ್ಯಾಚ್‌ನ ಸುತ್ತ ಒರೆಸಿ ಒಣಗಿಸುವುದು ಮುಖ್ಯ, ಅಂಚಿನಲ್ಲಿ ಗಡ್ಡೆ ಉಳಿದರೆ ಮತ್ತೆ ಮುಚ್ಚುವಾಗ ಬಿಗಿಯಾಗಿ ಕೂರುವುದಿಲ್ಲ. ಗೋಪುರವಷ್ಟೇ ಹೊರಬಂದಿದ್ದರೆ ಅದರೊಳಗಿನ ಉದ್ದನೆಯ ನೇರ ಏಣಿಯೇ ದಾರಿ.

ಒಳಗಿಳಿಯುವ ಮುಂಚೆ ಫೋನು, ಸ್ಮಾರ್ಟ್ ವಾಚು ಎಲ್ಲ ಒಪ್ಪಿಸಬೇಕು. ಕ್ಯಾಮೆರಾಕ್ಕೆ ಅನುಮತಿ ಸಿಕ್ಕಿದ್ದರೆ ಅದನ್ನು ಹೊರಗಿನ ಚಳಿಯಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು ಒಳಗೆ ಒಯ್ಯಬೇಕು, ನೌಕೆಯ ಬಿಸಿಗೆ ಹೊಂದಿದ ಮೇಲೆಯೇ ತೆಗೆಯಬೇಕು. ಇಲ್ಲದಿದ್ದರೆ ಒಳಗಿನ ತೇವವೆಲ್ಲ ಲೆನ್ಸಿನ ಮೇಲೆ ಕೂರುತ್ತದೆ. ಕನ್ನಡಕವೂ ಹಾಗೆಯೇ, ಜೇಬಿಗೆ ಹಾಕಿಕೊಂಡು ಇಳಿಯುವುದೇ ವಾಸಿ. ಬೂಟಿಗಂಟಿದ ಹಿಮವನ್ನು ಒದ್ದು ಉದುರಿಸಿ, ಹಲಗೆ ದಾಟಿ, ‘ಡೌನ್ ಲ್ಯಾಡರ್’ ಎಂದು ಕೂಗಿ, ಕೆಳಗಿನಿಂದ ಉತ್ತರ ಬಂದ ಮೇಲೆ, ಏಣಿಗೆ ಮುಖ ಮಾಡಿ ಇಳಿಯಬೇಕು. ಎರಡು ಕೈ ಎರಡು ಕಾಲಲ್ಲಿ ಮೂರು ಯಾವಾಗಲೂ ಏಣಿಯ ಮೇಲಿರಲಿ. ಹೊರಗಿನ ಚಳಿಗಾಳಿ ಹ್ಯಾಚ್‌ನಿಂದ ಧುಮುಕಿ ಒಳಗಿನ ತೇವದ ಜೊತೆ ಸೇರಿ ಮೆಟ್ಟಿಲ ಮೇಲೆ ತೆಳು ಗಡ್ಡೆ ಕಟ್ಟಿರುತ್ತದೆ.

ಮೊದಲು ಮೂಗಿಗೆ ಬಡಿಯುವುದು ವಾಸನೆ. ಇಂಗಾಲದ ಡೈಆಕ್ಸೈಡ್ ಹೀರಲು ಬಳಸುವ ಅಮೀನ್ ದ್ರಾವಣ, ಡೀಸೆಲ್, ಕರಿದ ಎಣ್ಣೆ, ಮೂರೂ ಬೆರೆತದ್ದು. ಮನೆಗೆ ಬಂದು ಒಗೆದರೂ ಬಟ್ಟೆಯಲ್ಲಿ ಉಳಿಯುತ್ತದೆ. ಹೊರಗಿನ ಗಾಳಿಯಲ್ಲಿ ಆ ಡೈಆಕ್ಸೈಡ್ ಹತ್ತು ಲಕ್ಷ ಪಾಲಿನಲ್ಲಿ 420ಕ್ಕೂ ಹೆಚ್ಚು ಪಾಲು (ಪಿಪಿಎಂ) ಇದ್ದರೆ ಮುಳುಗಿದ ಸಬ್‌ಮರೀನ್‌ನಲ್ಲಿ ಸಾಮಾನ್ಯವಾಗಿ 3,000 ದಾಟಿರುತ್ತದೆ. ಕೆಲವರಿಗೆ ಮೊದಲ ರಾತ್ರಿ ತಲೆ ಭಾರವಾಗುವುದು ಅದರಿಂದ.

ಒಳಗೆ ಮೊದಲ ಪಾಠ ಉಸಿರಿನ ಮಾಸ್ಕ್ ಹಾಕುವುದು. ಮುಖಕ್ಕೆ ಬಿಗಿದುಕೊಂಡು, ಅದರ ಕೊಳವೆಯನ್ನು ತಲೆಯ ಮೇಲಿನ ಪೈಪಿನ ಕಿಂಡಿಗೆ ಚುಚ್ಚಬೇಕು. ಜಾಗ ಬದಲಿಸುವಾಗ ಉಸಿರು ಬಿಗಿಹಿಡಿದು, ಕಿತ್ತು, ಮುಂದಿನ ಕಿಂಡಿಗೆ ಚುಚ್ಚಬೇಕು. ಹೊಗೆಯಲ್ಲಿ ಕಣ್ಣು ಕಾಣದು, ಹಾಗಾಗಿ ಮಲಗುವ ಜಾಗದಿಂದ ಹತ್ತಿರದ ಕಿಂಡಿ ಎಷ್ಟು ಹೆಜ್ಜೆ ಎಂದು ಎಣಿಸಿಟ್ಟುಕೊಳ್ಳಿ. ಇದನ್ನು ಔಪಚಾರಿಕವೆಂದು ತಿಳಿದು ಅರೆಮನಸ್ಸಿನಿಂದ ಕಲಿಯುವವರನ್ನು ಕಂಡರೆ ಸಂಕಟವಾಗುತ್ತದೆ. 2007ರ ಮಾರ್ಚ್‌ನಲ್ಲಿ ಇದೇ ಕಡಲಿನ ಗಡ್ಡೆಯಡಿಯಲ್ಲಿ ಬ್ರಿಟನ್ನಿನ ಟೈರ್‌ಲೆಸ್ ಸಬ್‌ಮರೀನ್‌ನೊಳಗೆ ಆಮ್ಲಜನಕ ಕೊಡುವ ಒಂದು ಉಪಕರಣ ಸಿಡಿದು ಇಬ್ಬರು ನಾವಿಕರು ತೀರಿಕೊಂಡರು. ಬಯಲು ಕಡಲಿನಲ್ಲಾದರೆ ತಕ್ಷಣ ಮೇಲೇಳಬಹುದು. ಇಲ್ಲಿ ತೆಳು ಗಡ್ಡೆ ಎಲ್ಲಿದೆಯೋ ಅಲ್ಲಿಯೇ ಏಳಬೇಕು.

ನಾಗರಿಕರಿಗೆ ತೋರಿಸುವುದು ನಿಯಂತ್ರಣ ಕೊಠಡಿ, ಟಾರ್ಪೆಡೊ ಕೊಠಡಿ, ಊಟದ ಮನೆ, ಮಲಗುವ ಬಂಕುಗಳು. ರಿಯಾಕ್ಟರ್ ಮತ್ತು ಎಂಜಿನ್ ಇರುವ ಹಿಂಭಾಗಕ್ಕೆ ಪ್ರವೇಶವಿಲ್ಲ, ಕೇಳಲೂ ಹೋಗಬಾರದು. ಕೆಲವು ಪರದೆಗಳ ಮೇಲೆ ಬಟ್ಟೆ ಹೊದಿಸಿರುತ್ತಾರೆ. ಸುಮಾರು 140 ಜನ ಇರುವ ಜಾಗದಲ್ಲಿ ಓಣಿಯ ಅಗಲ ಒಬ್ಬರಿಗಷ್ಟೇ. ಎದುರಿಗೆ ಬಂದವರಿಗೆ ಗೋಡೆಗೆ ಬೆನ್ನು ಹಚ್ಚಿ ದಾರಿ ಬಿಡಬೇಕು. ನಿಯಂತ್ರಣ ಕೊಠಡಿಯಲ್ಲಿ ಬಿಡದೆ ನೋಡಬೇಕಾದದ್ದು ಮೇಲ್ಮುಖ ಸೋನಾರ್, ಅಂದರೆ ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಉಪಕರಣ. ತಲೆಯ ಮೇಲೆ ಹಾದುಹೋಗುವ ಗಡ್ಡೆಯ ತಳವನ್ನು ಅದು ಗೆರೆಯಾಗಿ ಬರೆಯುತ್ತಾ ಹೋಗುತ್ತದೆ. ಚಪ್ಪಟೆ, ಚಪ್ಪಟೆ, ಇದ್ದಕ್ಕಿದ್ದಂತೆ ಬಿಳಲಿನಂತೆ 15–20 ಮೀಟರ್ ಕೆಳಗಿಳಿದ ಚೂಪು, ಮತ್ತೆ ಚಪ್ಪಟೆ.

ಈ ಗೆರೆಗಾಗಿಯೇ ನಾಗರಿಕ ವಿಜ್ಞಾನಿಗಳು ಸಬ್‌ಮರೀನ್ ಹತ್ತಿದ್ದು. 1993ರಲ್ಲಿ ಪಾರ್ಗೊ ನೌಕೆಯಲ್ಲಿ ಪ್ರಯೋಗಾರ್ಥವಾಗಿ ಶುರುವಾದ ಸೈಸೆಕ್ಸ್ ಎಂಬ ವಿಜ್ಞಾನ ಯಾತ್ರೆಗಳು 1995ರಿಂದ 1999ರವರೆಗೆ ವರ್ಷಕ್ಕೊಂದರಂತೆ ನಡೆದವು, ಕೊನೆಯ ಎರಡು ಹಾಕ್‌ಬಿಲ್ ನೌಕೆಯಲ್ಲಿ. ಶಸ್ತ್ರವಿಡುವ ಕೊಠಡಿಯಲ್ಲಿ ನೀರಿನ ಮಾದರಿಯ ಬಾಟಲಿಗಳು ಕೂತವು. ಆ ಅಳತೆಗಳನ್ನು 1958–76ರ ಸಬ್‌ಮರೀನ್ ದಾಖಲೆಗಳ ಪಕ್ಕದಲ್ಲಿಟ್ಟು 1999ರಲ್ಲಿ ಹೋಲಿಸಿದಾಗ, ಬೇಸಿಗೆಯ ಕೊನೆಯಲ್ಲಿ ಗಡ್ಡೆಯ ಮುಳುಗಿದ ಭಾಗದ ಸರಾಸರಿ ಆಳ 3.1 ಮೀಟರಿನಿಂದ 1.8 ಮೀಟರಿಗೆ ಇಳಿದಿತ್ತು. ಮೇಲಿನಿಂದ ತೆಗೆದ ಚಿತ್ರದಲ್ಲಿ ಗಡ್ಡೆಯ ಹರವು ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಯುದ್ಧದ ನೌಕೆಯೊಂದು ನಾಗರಿಕರಿಗೆ ಬಾಗಿಲು ತೆರೆದದ್ದರಿಂದ ಜಗತ್ತಿಗೆ ಆದ ದೊಡ್ಡ ಲಾಭ ಇದೆಂದೇ ನನ್ನ ಎಣಿಕೆ.

ಭೇಟಿ ಕೆಲವೇ ಗಂಟೆಗಳದು, ಅದೂ ಖಾತ್ರಿಯಿಲ್ಲ. ಸುತ್ತಲಿನ ಗಡ್ಡೆ ಒತ್ತಲು ಶುರುಮಾಡಿದರೆ ನೌಕೆ ಕೂಡಲೇ ಮುಳುಗಬೇಕು. ‘ಹೊರಡಿ’ ಎಂದ ಮೇಲೆ ಊಟದ ಮನೆಯ ಐಸ್‌ಕ್ರೀಂ ಅರ್ಧಕ್ಕೇ ಬಿಟ್ಟು ಏಣಿ ಹತ್ತಬೇಕು. ರಾತ್ರಿ ಉಳಿಯುವ ಅವಕಾಶ ಸಿಕ್ಕವರಿಗೆ ಗಡ್ಡೆ ಒಡೆಯುವುದನ್ನು ಒಳಗಿನಿಂದ ಅನುಭವಿಸುವ ಭಾಗ್ಯವೂ ಉಂಟು. ಆಳವನ್ನು ಒಬ್ಬರು ಓದುತ್ತಾ ಹೋಗುತ್ತಾರೆ, ಉಳಿದವರೆಲ್ಲ ಮೌನ. ಹಿಡಿಕೆ ಹಿಡಿದುಕೊಳ್ಳಿ ಎನ್ನುತ್ತಾರೆ. ಒಂದು ಮಂದವಾದ ಗುದ್ದು, ಗಾಳಿಯ ಭೋರೆಂಬ ಸದ್ದು, ಆಮೇಲೆ ಮೈಯುದ್ದಕ್ಕೂ ಗಡ್ಡೆ ಉಜ್ಜುವ ಕರಕರ.

ನೌಕೆ ಮರಳಿ ಮುಳುಗಿದ ಮೇಲೆ ಉಳಿಯುವುದು ಗಡ್ಡೆಯ ತುಂಡುಗಳು ತೇಲುವ ಕಪ್ಪು ನೀರಿನ ಹೊಂಡ. ಸೊನ್ನೆಗಿಂತ 30 ಡಿಗ್ರಿ ಕೆಳಗಿನ ಚಳಿಯಲ್ಲಿ ಅದು ಒಂದು ದಿನದಲ್ಲಿ ಸುಮಾರು 9 ಸೆಂಟಿಮೀಟರ್ ಹೆಪ್ಪುಗಟ್ಟುತ್ತದೆ, ರಾತ್ರಿ ಗಾಳಿಗೆ ಹಾರಿ ಬಂದ ಹಿಮ ಅದರ ಮೇಲೆ ಹರಡಿ ಸುತ್ತಲಿನ ನೆಲದಂತೆಯೇ ಕಾಣುತ್ತದೆ. ಉಪ್ಪುನೀರಿನ ಹೊಸ ಗಡ್ಡೆ ಮೆತ್ತಗೆ, ಹಿಮವಾಹನದ ಭಾರ ತಡೆಯದು. ಅದಕ್ಕೇ ಎಲ್ಲರೂ ಗುಡಿಸಲಿಗೆ ಮರಳುವ ಮುಂಚೆ ಹೊಂಡದ ಸುತ್ತ ಬಣ್ಣದ ಬಾವುಟ ಕಟ್ಟಿದ ಕೋಲುಗಳನ್ನು ನೆಡುತ್ತಾರೆ. ಮರುದಿನ ಆ ದಿಕ್ಕಿಗೆ ಹೋಗುವವರು ಬಾವುಟಗಳನ್ನು ಸುತ್ತುಹಾಕಿಕೊಂಡು, ದೂರದಿಂದಲೇ ಹೋಗಬೇಕು.